ಆರತಕ್ಷತೆಯಿಂದ ಮುಹೂರ್ತದವರೆಗೆ: ಮಿರರ್‌ಲೆಸ್ ಕ್ಯಾಮೆರಾದ ಬ್ಯಾಟರಿ ಲೆಕ್ಕ

ರಾತ್ರಿ 11 ಗಂಟೆ, ತುಮಕೂರಿನ ಒಂದು ಕಲ್ಯಾಣ ಮಂಟಪ. ಆರತಕ್ಷತೆ ಮುಗಿದು ಊಟದ ಹಾಲ್‌ನಲ್ಲಿ ಕೊನೇ ಪಂಕ್ತಿ ಏಳ್ತಾ ಇದೆ. ಸ್ಟೇಜಿನ ಹಿಂದೆ, ಸೀರಿಯಲ್ ಸೆಟ್ ಸಿಕ್ಕಿಸಿರೋ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಒಂದೇ ಒಂದು ಚಾರ್ಜರ್. ಪಕ್ಕದಲ್ಲಿ ಖಾಲಿಯಾದ ನಾಲ್ಕು ಬ್ಯಾಟರಿ. ಬೆಳಗ್ಗೆ 5ಕ್ಕೆ ಕ್ಯಾಮೆರಾ ಮತ್ತೆ ಕೈಗೆ ಬರಬೇಕು.

ಸೋನಿಯ ಎನ್‌ಪಿ-ಎಫ್‌ಝಡ್100, ಕ್ಯಾನನ್‌ನ ಎಲ್‌ಪಿ-ಇ6 ಜಾತಿಯ ಬ್ಯಾಟರಿ ಪೂರ್ತಿ ತುಂಬೋಕೆ ಕಂಪನಿಯ ಚಾರ್ಜರ್‌ನಲ್ಲಿ ಸುಮಾರು ಎರಡೂವರೆ ಗಂಟೆ ಬೇಕು. ನಾಲ್ಕಕ್ಕೆ 10 ಗಂಟೆ. ಕೈಯಲ್ಲಿರೋದು 6. ಮದುವೆ ಮನೆಯಲ್ಲಿ ಬ್ಯಾಟರಿ ಕೈಕೊಡೋದು ಹೆಚ್ಚಾಗಿ ಈ ಜಾಗದಲ್ಲೇ.

ಮೊದಲು, ನಾಲ್ಕು ಬ್ಯಾಟರಿ ಒಂದು ಸಂಜೆಗೆ ಯಾಕೆ ಖಾಲಿಯಾಯ್ತು ಅನ್ನೋದು. 2017ರಲ್ಲಿ ಬಂದ ನಿಕಾನ್ ಡಿ850 ಮತ್ತು 2018ರಲ್ಲಿ ಬಂದ ಝಡ್7 ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ 45.7 ಮೆಗಾಪಿಕ್ಸೆಲ್. ಎರಡಕ್ಕೂ ಇಎನ್-ಇಎಲ್15 ಕುಟುಂಬದ, 1900 ಎಂಎಎಚ್ ಬ್ಯಾಟರಿ. ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟ ಸಿಪಾದ ಅಳತೆಯಲ್ಲಿ ಡಿ850ಗೆ 1840 ಚಿತ್ರ, ಝಡ್7ಗೆ 330. ಡಿ850ಯಲ್ಲಿ ಕನ್ನಡಿ ಇದೆ, ಕಣ್ಣಿಗೆ ಬರೋದು ಲೆನ್ಸಿನಿಂದ ನೇರವಾಗಿ ಬಂದ ಬೆಳಕು, ಅದಕ್ಕೆ ಕರೆಂಟ್ ಬೇಕಿಲ್ಲ. ಝಡ್7 ಮಿರರ್‌ಲೆಸ್, ಅಂದ್ರೆ ಅದರಲ್ಲಿ ಕನ್ನಡಿ ಇಲ್ಲ. ನೀವು ಸುಮ್ಮನೆ ನೋಡ್ತಾ ನಿಂತಿದ್ರೂ ಸೆನ್ಸರ್, ಪ್ರೊಸೆಸರ್, ಕಣ್ಣಿಟ್ಟು ನೋಡೋ ವ್ಯೂಫೈಂಡರಿನ ಪುಟ್ಟ ಪರದೆ ಮೂರೂ ದುಡೀತಾ ಇರಬೇಕು. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ ನಿಲ್ಲಿಸಿದ ಬೈಕಿನ ಹಾಗೆ.

ಸಿಪಾ ಅಳತೆಯಲ್ಲಿ 30 ಸೆಕೆಂಡಿಗೊಂದು ಚಿತ್ರ ತೆಗೀತಾರೆ, ಹತ್ತು ಚಿತ್ರಕ್ಕೊಮ್ಮೆ ಆಫ್ ಮಾಡಿ ಆನ್ ಮಾಡ್ತಾರೆ. ಹಾಗಾದ್ರೆ 330 ಚಿತ್ರ ಅಂದ್ರೆ 9900 ಸೆಕೆಂಡು, ಎರಡೂ ಮುಕ್ಕಾಲು ಗಂಟೆ. ಬ್ಯಾಟರಿ ಮೇಲೆ ಬರೆದಿರೋದು 14 ವ್ಯಾಟ್-ಅವರ್, ಅಂದ್ರೆ ಅದರಲ್ಲಿ ಹಿಡಿಯೋ ಒಟ್ಟು ವಿದ್ಯುತ್ತಿನ ಅಳತೆ. ಭಾಗಿಸಿದ್ರೆ ಗಂಟೆಗೆ ಹತ್ತಿರಹತ್ತಿರ 5 ವ್ಯಾಟ್-ಅವರ್ ಖರ್ಚು. ಇದೇ ಲೆಕ್ಕವನ್ನ ಸೋನಿ ಎ7-3ಗೆ ಹಾಕಿ. 16.4 ವ್ಯಾಟ್-ಅವರ್, ಹಿಂದಿನ ಪರದೆಯಲ್ಲಿ 710 ಚಿತ್ರ, ಅಂದ್ರೆ ಆರು ಗಂಟೆಗೆ ಸ್ವಲ್ಪ ಕಮ್ಮಿ. ವ್ಯೂಫೈಂಡರ್‌ನಲ್ಲಿ ನೋಡಿದ್ರೆ 610, ಐದು ಗಂಟೆ. ಅದಕ್ಕೇ ಕಂಪನಿ ಹೇಳೋ ಚಿತ್ರಗಳ ಸಂಖ್ಯೆಯನ್ನ ಎರಡರಿಂದ ಭಾಗಿಸಿ, ಬಂದದ್ದನ್ನ ನಿಮಿಷ ಅಂತ ಓದಿಕೊಳ್ಳಿ. ಕ್ಯಾಮೆರಾ ಎಷ್ಟು ಹೊತ್ತು ಎಚ್ಚರವಾಗಿರುತ್ತೆ ಅನ್ನೋದು ಅಲ್ಲಿ ಸಿಗುತ್ತೆ. ಅಷ್ಟು ಹೊತ್ತಿನಲ್ಲಿ ನೀವು 300 ಚಿತ್ರ ತೆಗೀರಿ, ಬರ್ಸ್ಟ್‌ನಲ್ಲಿ 1500 ತೆಗೀರಿ, ಬ್ಯಾಟರಿಗೆ ಆಗೋ ವ್ಯತ್ಯಾಸ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ವಿಡಿಯೋ ಮಾತ್ರ ಬೇರೆ. 4ಕೆ ಓಡ್ತಾ ಇದ್ರೆ ಖರ್ಚು ಜೋರಾಗುತ್ತೆ, ಈ ಗಂಟೆಗಳನ್ನ ಅರ್ಧಕ್ಕೆ ಇಳಿಸಿಕೊಂಡು ಯೋಜನೆ ಹಾಕೋದು ಸುರಕ್ಷಿತ.

ಆರತಕ್ಷತೆಯ ಸಾಲಿನಲ್ಲಿ ಏನಾಗುತ್ತೆ ನೋಡಿ. ಒಂದು ಕುಟುಂಬ ಇಳಿದು ಇನ್ನೊಂದು ಹತ್ತೋವರೆಗೆ ಕ್ಯಾಮೆರಾ ಎದೆ ಮೇಲೆ ನೇತಾಡ್ತಾ ಇರುತ್ತೆ. ವ್ಯೂಫೈಂಡರ್ ಪಕ್ಕದ ಕಣ್ಣಿನ ಸೆನ್ಸರ್‌ಗೆ ಅಂಗಿ ತಗುಲಿದ್ರೆ ಅದು ಕಣ್ಣು ಅಂದುಕೊಂಡು ಪರದೆ ಹೊತ್ತಿಸಿಬಿಡುತ್ತೆ. ಎರಡು ಗಂಟೆ ಇದೇ ನಡೆದ್ರೆ ಅರ್ಧ ಬ್ಯಾಟರಿ ನಿಮ್ಮ ಅಂಗಿ ನೋಡೋದ್ರಲ್ಲೇ ಹೋಯ್ತು. ಪವರ್ ಸೇವ್ ಸಮಯವನ್ನ 1 ನಿಮಿಷಕ್ಕೋ, ಇದ್ರೆ 10 ಸೆಕೆಂಡಿಗೋ ಇಳಿಸಿ. ಶಟರ್ ಅರ್ಧ ಒತ್ತಿದ್ರೆ ಮತ್ತೆ ಏಳುತ್ತೆ. ಕ್ಯಾಮೆರಾ ಕೆಳಗಿಳಿಸಿದಾಗೆಲ್ಲ ಬೆರಳಿನಲ್ಲೇ ಸ್ವಿಚ್ ಆಫ್ ಮಾಡೋ ರೂಢಿ ಇನ್ನೂ ಒಳ್ಳೇದು.

ಮೆನುವಿನಲ್ಲಿ ಇನ್ನೂ ಕೆಲವು ಕಳ್ಳ ಖರ್ಚುಗಳಿವೆ. ವ್ಯೂಫೈಂಡರ್ ಸೆಕೆಂಡಿಗೆ 120 ಫ್ರೇಮಿನಲ್ಲಿದ್ರೆ 60ಕ್ಕೆ ಇಳಿಸಿ, ಸ್ಟೇಜ್ ಮೇಲೆ ನಿಂತವರಿಗೆ ಅಷ್ಟು ಸಾಕು. ಪರದೆಯ ಬೆಳಕು ಮಧ್ಯಾಹ್ನದ ಬಿಸಿಲಿಗೆ ಏರಿಸಿದ್ದು ಒಳಗೆ ಬಂದ ಮೇಲೂ ಹಾಗೇ ಉಳಿದಿರುತ್ತೆ. ಶಟರ್ ಮುಟ್ಟದಿದ್ರೂ ಫೋಕಸ್ ಹುಡುಕ್ತಾ ಇರೋ ಪ್ರೀ-ಎಎಫ್ ನಿಲ್ಲಿಸಿ. ಬ್ಲೂಟೂತ್ ಬಗ್ಗೆ ಜನ ಕಮ್ಮಿ ಗಮನ ಕೊಡ್ತಾರೆ. ಹಲವು ಕ್ಯಾಮೆರಾಗಳಲ್ಲಿ ಆಫ್ ಮಾಡಿದ ಮೇಲೂ ಫೋನಿನ ಜೊತೆ ಸಂಪರ್ಕ ಉಳಿಸಿಕೊಳ್ಳೋ ಆಯ್ಕೆ ಇರುತ್ತೆ. ರಾತ್ರಿ ತುಂಬಿಸಿ ಇಟ್ಟಿದ್ದು ಬೆಳಗ್ಗೆ ಇಳಿದಿದ್ರೆ ಮೊದಲು ಅದನ್ನ ಹುಡುಕಿ. ಕೆಲಸದ ದಿನ ಏರೋಪ್ಲೇನ್ ಮೋಡ್ ಹಾಕಿಬಿಡಿ.

ಈಗ ಆ ನಾಲ್ಕು ಬ್ಯಾಟರಿಗೆ ಬರೋಣ. ಲಿಥಿಯಂ-ಅಯಾನ್ ಬ್ಯಾಟರಿ ಮೊದಲ ಮುಕ್ಕಾಲು ಪಾಲು ಬೇಗ ತುಂಬುತ್ತೆ, ಕೊನೇ ಪಾಲು ಆಮೆ ನಡಿಗೆ. ಒಳಗಿನ ಸೆಲ್ ಗರಿಷ್ಠ ವೋಲ್ಟೇಜ್ ಮುಟ್ಟಿದ ಮೇಲೆ ಚಾರ್ಜರ್ ಬೇಕಂತಲೇ ಕರೆಂಟ್ ಇಳಿಸ್ತಾ ಹೋಗುತ್ತೆ. ಹಾಗಾಗಿ 6 ಗಂಟೆಯಲ್ಲಿ ಎರಡನ್ನ ಪೂರ್ತಿ ತುಂಬಿಸಿ ಮೂರನೇದನ್ನ ಅರೆಬರೆ ಮಾಡೋ ಬದಲು, ನಾಲ್ಕನ್ನೂ ಒಂದೂವರೆ ಗಂಟೆಯಂತೆ ಹಾಕಿದ್ರೆ ಒಟ್ಟು ಹೆಚ್ಚು ಸಿಗುತ್ತೆ. ಆದ್ರೆ ಅದಕ್ಕೆ ಯಾರಾದ್ರೂ ನಿದ್ದೆಗೆಡಬೇಕು. ಕ್ಯಾಮೆರಾವನ್ನೇ ಎರಡನೇ ಚಾರ್ಜರ್ ಮಾಡಿಕೊಳ್ಳೋದು ಸುಲಭ: ಒಂದು ಬ್ಯಾಟರಿ ಒಳಗೆ ಹಾಕಿ, ಆಫ್ ಮಾಡಿ, ಯುಎಸ್‌ಬಿ-ಸಿ ಕೇಬಲ್ ಕೊಡಿ. ಇಲ್ಲಿ ಎರಡು ಎಚ್ಚರಿಕೆ. ಕ್ಯಾನನ್ ಆರ್5, ಆರ್6ನಂಥವಕ್ಕೆ ಪಿಡಿ (ಪವರ್ ಡೆಲಿವರಿ) ಚಾರ್ಜರ್ರೇ ಬೇಕು. ಮತ್ತೆ ಹಳೇ ಬ್ಯಾಟರಿಗಳು ಕ್ಯಾಮೆರಾ ಒಳಗೆ ಚಾರ್ಜ್ ಆಗಲ್ಲ. ನಿಕಾನ್‌ನಲ್ಲಿ ಇಎನ್-ಇಎಲ್15ಬಿ, 15ಸಿ ಆಗುತ್ತೆ, ಬರೀ 15 ಮತ್ತು 15ಎ ಆಗಲ್ಲ. ಕ್ಯಾನನ್‌ನಲ್ಲಿ ಎಲ್‌ಪಿ-ಇ6ಎನ್, ಇ6ಎನ್‌ಎಚ್ ಆಗುತ್ತೆ, ಬರೀ ಇ6 ಆಗಲ್ಲ. ಆಕಾರ ಒಂದೇ ಇರೋದ್ರಿಂದ ಹೆಸರು ಓದದೆ ಹಾಕಿ ಮಲಗಿದವರಿಗೆ ಬೆಳಗ್ಗೆ ಖಾಲಿ ಬ್ಯಾಟರಿಯೇ ಗತಿ.

ಎರಡು ಖಾನೆಯ ಯುಎಸ್‌ಬಿ ಚಾರ್ಜರ್ ಇದ್ರೂ ಅದಕ್ಕೆ ಸಿಕ್ಕಿಸಿರೋ ಅಡಾಪ್ಟರ್ ನೋಡಿ. ಎರಡು ಸೋನಿ ಬ್ಯಾಟರಿ ಅಂದ್ರೆ ಸುಮಾರು 33 ವ್ಯಾಟ್-ಅವರ್. 5 ವೋಲ್ಟ್ 2 ಆಂಪ್ ಅಡಾಪ್ಟರ್ ಕೊಡೋದು 10 ವ್ಯಾಟ್, ನಷ್ಟ ಸೇರಿ ನಾಲ್ಕು ಗಂಟೆ. ಯಾರದೋ ಹಳೇ ಫೋನಿನ 1 ಆಂಪ್ ಅಡಾಪ್ಟರ್ ಆದ್ರೆ ಎಂಟು ಗಂಟೆ, ಅಷ್ಟೊತ್ತಿಗೆ ಬೆಳಗ್ಗೆ ತಿಂಡಿ ಬಡಿಸ್ತಾ ಇರ್ತಾರೆ. ಚಾರ್ಜರನ್ನ ಸೀರಿಯಲ್ ಸೆಟ್ ಬೋರ್ಡಿನಲ್ಲಿ ಬಿಡಬೇಡಿ. ದೀಪ ಆರಿಸೋರು ಇಡೀ ಬೋರ್ಡನ್ನೇ ಕಿತ್ತುಕೊಂಡು ಹೋಗ್ತಾರೆ. ವಧುವಿನ ಕಡೆಯವರ ರೂಮಿನ ಗೋಡೆಯ ಪ್ಲಗ್ ಕೇಳಿ ತಗೊಳ್ಳಿ, ಚಾರ್ಜರಿನ ದೀಪ ಹೊತ್ತಿದೆಯಾ ಅಂತ ನೋಡಿಕೊಂಡು ಬನ್ನಿ.

ಪವರ್ ಬ್ಯಾಂಕ್ ಲೆಕ್ಕದಲ್ಲೂ ಒಂದು ತಪ್ಪು ಎಲ್ಲರೂ ಮಾಡ್ತಾರೆ. ಪವರ್ ಬ್ಯಾಂಕಿನ 10000ವನ್ನ ಸೋನಿ ಬ್ಯಾಟರಿಯ 2280 ಎಂಎಎಚ್‌ನಿಂದ ಭಾಗಿಸಿ ನಾಲ್ಕು ಸಲ ತುಂಬುತ್ತೆ ಅಂತಾರೆ. ಪವರ್ ಬ್ಯಾಂಕಿನ 10000 ಎಂಎಎಚ್ ಒಂದು ಸೆಲ್ಲಿನ 3.7 ವೋಲ್ಟಿನಲ್ಲಿ, ಅಂದ್ರೆ 37 ವ್ಯಾಟ್-ಅವರ್. ಕ್ಯಾಮೆರಾ ಬ್ಯಾಟರಿಯೊಳಗೆ ಎರಡು ಸೆಲ್ ಸಾಲಾಗಿ ಜೋಡಿಸಿದ್ದು, 7.2 ವೋಲ್ಟ್. ನಷ್ಟ ಕಳೆದ್ರೆ ಎರಡು ಸಲಕ್ಕೂ ಸಾಲದು. ನಂದಿ ಬೆಟ್ಟದಲ್ಲೋ ದೇವರಾಯನದುರ್ಗದಲ್ಲೋ ಮಂಜಿನ ಟೈಮ್‌ಲ್ಯಾಪ್ಸ್‌ಗೆ ಪವರ್ ಬ್ಯಾಂಕ್ ಕಟ್ಟೋರು ಇನ್ನೊಂದು ನೋಡಿ: ಕೆಲವು ಪವರ್ ಬ್ಯಾಂಕ್‌ಗಳು ಕರೆಂಟ್ ಸೆಳೆತ ತೀರಾ ಕಮ್ಮಿಯಾದ್ರೆ ಫೋನ್ ತುಂಬಿತು ಅಂತ ತಾವೇ ಆಫ್ ಆಗ್ತವೆ. ಮನೆಯಲ್ಲಿ ಅರ್ಧ ಗಂಟೆ ಓಡಿಸಿ ಪರೀಕ್ಷೆ ಮಾಡಿ. ನಂದಿಯ ಚಳಿಗೆ ಬ್ಯಾಟರಿ ಸತ್ತುಹೋಯ್ತು ಅಂತ ಹೇಳೋರಿಗೂ ಒಂದು ಮಾತು. ಅಲ್ಲಿನ ಚಳಿ ಹಿಮಾಲಯದ್ದಲ್ಲ, ಅಷ್ಟಕ್ಕೆ ಬ್ಯಾಟರಿ ಅರ್ಧ ಆಗಲ್ಲ. ಸೂರ್ಯ ಬರೋವರೆಗೆ ಆನ್ ಮಾಡಿಟ್ಟು ಕಾದಿದ್ದೇ ಹೆಚ್ಚಿನ ಸಲ ಕಾರಣ.

ಬ್ಯಾಟರಿಗೆ ನಮ್ಮ ಕಡೆ ನಿಜವಾದ ಶತ್ರು ಸೆಕೆ. ಏಪ್ರಿಲ್ ಮಧ್ಯಾಹ್ನ ಕೋಲಾರದ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ತುಂಬಿದ ಬ್ಯಾಟರಿ ಬಿಟ್ರೆ ಅದರ ಆಯಸ್ಸು ಕಮ್ಮಿಯಾಗುತ್ತೆ. ತುಂಬಿದ್ದೂ ಬಿಸಿಯಾಗಿದ್ದೂ ಒಟ್ಟಿಗೆ ಆಗಬಾರದು. ಮದುವೆ ಸೀಸನ್ ಮುಗಿದು ಆಷಾಢದಲ್ಲಿ ಎತ್ತಿಡೋವಾಗ ಅರ್ಧದಷ್ಟು ಚಾರ್ಜ್‌ನಲ್ಲಿಡಿ, ಕ್ಯಾಮೆರಾದಿಂದ ತೆಗೆದಿಡಿ. ಉಬ್ಬಿದೆಯಾ ಅಂತ ಅನುಮಾನ ಇದ್ರೆ ಗಾಜಿನ ಮೇಲೆ ಮಲಗಿಸಿ ಬೆರಳಿನಿಂದ ತಿರುಗಿಸಿ. ಬುಗುರಿ ಹಾಗೆ ಸುತ್ತಿದ್ರೆ ಅದರ ಕಥೆ ಮುಗೀತು. ದಯವಿಟ್ಟು ಕ್ಯಾಮೆರಾ ಒಳಗೆ ತುರುಕಬೇಡಿ, ಹೊರಗೆ ತೆಗೆಯೋಕೆ ಸರ್ವಿಸ್ ಸೆಂಟರ್‌ಗೇ ಹೋಗಬೇಕಾಗುತ್ತೆ. ಬ್ಯಾಟರಿಯ ಲೋಹದ ಸಂಪರ್ಕದ ಪಟ್ಟಿಗಳಿಗೆ ಬೆವರು, ಅಕ್ಷತೆಯ ಅರಿಶಿನ ಮೆತ್ತಿಕೊಂಡಿದ್ರೆ ಇಯರ್ ಬಡ್‌ಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ. ಉಪ್ಪುಕಾಗದ ಬೇಡ, ಲೇಪನ ಕಿತ್ತುಹೋಗುತ್ತೆ.

ಪ್ರತಿ ಬ್ಯಾಟರಿಗೂ ಬಿಳಿ ಟೇಪ್ ಅಂಟಿಸಿ ನಂಬರ್ (ಎಲ್ಲಕ್ಕಿಂತ ಹೊಸದಕ್ಕೆ ಒಂದು), ಕೊಂಡ ತಿಂಗಳು ಬರೀರಿ. ನಿಕಾನ್ ಮೆನುವಿನಲ್ಲಿ ಬ್ಯಾಟರಿ ವಯಸ್ಸು 0ಯಿಂದ 4ರವರೆಗೆ ಕಾಣುತ್ತೆ, 0 ಅಂದ್ರೆ ಹೊಸದು. ವಯಸ್ಸಾದದ್ದು 20 ಪರ್ಸೆಂಟ್ ತೋರಿಸ್ತಾ ತೋರಿಸ್ತಾನೇ ಸೊನ್ನೆಗೆ ಬೀಳುತ್ತೆ. ಅಂಥದ್ದನ್ನ ಊಟದ ಹಾಲ್‌ಗೆ ಇಟ್ಟುಕೊಳ್ಳಿ, ಮಂಟಪಕ್ಕೆ ಬೇಡ.

ಬೆಳಗ್ಗೆ ಧಾರೆ ಮುಗಿಯುತ್ತಿದ್ದ ಹಾಗೆ ಪರದೆ ನೋಡಿ. 40 ಪರ್ಸೆಂಟ್ ಇದ್ರೂ ಅಲ್ಲೇ ಬದಲಿಸಿ. ಕಾರ್ಡಿಗೆ ಬರೀತಿದೆ ಅಂತ ತೋರಿಸೋ ದೀಪ ಆರಿದ ಮೇಲೆ ಮಾತ್ರ ಬಾಗಿಲು ತೆಗೀರಿ, ಇಲ್ಲದಿದ್ರೆ ಬರೀತಿರೋ ಫೈಲ್ ಹಾಳು. ತೆಗೆದ ಬ್ಯಾಟರಿ ಎಡ ಜೇಬಿಗೆ ಹಾಕಿ, ಆರತಿ ಆದ ಮೇಲಿನ ಗ್ರೂಪ್ ಫೋಟೋಗೆ ಅದು ಸಾಕು. ಪುರೋಹಿತರು ಕೈ ಎತ್ತಿ ಗಟ್ಟಿಮೇಳ ಅನ್ನೋ ಹೊತ್ತಿಗೆ ಕ್ಯಾಮೆರಾದಲ್ಲಿ ಒಂದನೇ ನಂಬರ್ ಇರಲಿ.