ಅದೇ ಪುಟ, ಇನ್ನೊಂದು ಸಲ

ಕೇಳುಗರಿಗೆಲ್ಲ ನಮಸ್ಕಾರ.

ಇದು ಸಂಜೆಯ ಹೊತ್ತು. ಒಲೆ ಮುಂದೆ ಕೂತು ಕೇಳುತ್ತಿರುವ ತಾಯಂದಿರಿದ್ದೀರಿ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಕೇಳುತ್ತಿರುವವರಿದ್ದೀರಿ. ಪಕ್ಕದಲ್ಲೇ ಒಂದು ಮಗು ಪುಸ್ತಕ ಬಿಚ್ಚಿಕೊಂಡು ಕೂತಿರುತ್ತದೆ. ಎರಡನೇ ಕ್ಲಾಸೋ ಮೂರನೇ ಕ್ಲಾಸೋ ಇರಬೇಕು. ಅದು ಓದುವುದನ್ನು ಒಂದು ಸಲ ಕಿವಿಗೊಟ್ಟು ಕೇಳಿ. "ಮ... ನೆ... ಯ... ವ..." ಅಂತ ಒಂದೊಂದೇ ಅಕ್ಷರ ಕೀಳುತ್ತಿದೆಯೇ? ಅಕ್ಷರ ಒಂದೂ ತಪ್ಪಿಲ್ಲ, ಆದರೆ ಸಾಲು ಮುಗಿದ ಮೇಲೆ "ಏನು ಓದಿದೆ ಪುಟ್ಟಾ?" ಅಂದರೆ ಸುಮ್ಮನೆ ಮುಖ ನೋಡುತ್ತದೆಯೇ? ಹಾಗಿದ್ದರೆ ಈ ಸ್ವಲ್ಪ ಹೊತ್ತು ನನ್ನ ಮಾತು ಕೇಳಿ.

ನಾನು ಹೇಳಬೇಕಾದದ್ದು ಒಂದೇ ಮಾತು. ಮೊದಲೇ ಹೇಳಿಬಿಡುತ್ತೇನೆ. ಹೊಸ ಪುಟ ಬೇಡ. ಅದೇ ಪುಟವನ್ನು ಗಟ್ಟಿಯಾಗಿ ಇನ್ನೊಂದು ಸಲ ಓದಿಸಿ. ನಾಳೆಯೂ ಅದೇ ಪುಟ. ನಾಡಿದ್ದೂ ಅದೇ ಪುಟ. ನೀವು ಪಕ್ಕದಲ್ಲಿ ಕೂತು ಕೇಳಿ.

ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿ, ಓದು ಕಲಿಸುವವರಿಗೆ ತರಬೇತಿ ಕೊಟ್ಟು ನಾನು ಕಂಡುಕೊಂಡಿರುವುದು ಇಷ್ಟೇ. ಇಷ್ಟು ಸುಲಭ ಅಂದರೆ ಯಾರೂ ನಂಬುವುದಿಲ್ಲ, ಟ್ಯೂಷನ್ನಿಗೆ ದುಡ್ಡು ಕಟ್ಟುತ್ತಾರೆ.

ಮೊದಲು ಮಗುವಿನ ಕಷ್ಟ ಏನು ಅಂತ ತಿಳಿದುಕೊಳ್ಳಿ. ಕನ್ನಡ ಸುಲಭ, ಬರೆದ ಹಾಗೇ ಓದುವುದು ಅನ್ನುತ್ತೇವೆ. ಓದು ಬಂದವರಿಗೆ ಸುಲಭವೇ. ವರ್ಣಮಾಲೆಯಲ್ಲಿ 49 ಅಕ್ಷರ. ಆದರೆ ಪುಟದ ಮೇಲೆ ಮಗುವಿಗೆ ಎದುರಾಗುವುದು ಬರೀ 49 ಅಲ್ಲ. 34 ವ್ಯಂಜನಗಳಿಗೂ ಇಳಿ, ಗುಡಿಸು, ಕೊಂಬು, ಏತ್ವ, ಓತ್ವ ಅಂತ ಕಾಗುಣಿತ ಕಟ್ಟುತ್ತಾ ಹೋದರೆ ಐನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರ. "ಅಕ್ಕ" ಓದುವಾಗ ಕಣ್ಣು ಸಾಲಿನಿಂದ ಕೆಳಗಿಳಿದು, ಒತ್ತು ನೋಡಿಕೊಂಡು ಮೇಲೆ ಬರಬೇಕು. "ಸೂರ್ಯ" ಇನ್ನೂ ಕಷ್ಟ. ಅರ್ಕಾವತ್ತನ್ನು ಬರೆಯುವುದು "ಯ" ಆದ ಮೇಲೆ, ಓದುವುದು "ಯ"ಗಿಂತ ಮೊದಲು. ಕಣ್ಣು ಮುಂದೆ ಹೋಗಿ ಅದನ್ನು ಎತ್ತಿಕೊಂಡು ಹಿಂದಕ್ಕೆ ಬರಬೇಕು. ನಮಗೆ ಇದು ಗೊತ್ತೇ ಆಗುವುದಿಲ್ಲ. ಏಳು ವರ್ಷದ ಮಗುವಿಗೆ ಇದು ಇಕ್ಕಟ್ಟಿನ ಓಣಿಯಲ್ಲಿ ಎತ್ತಿನ ಗಾಡಿಯನ್ನು ಹಿಂದಕ್ಕೆ ನೂಕುವಷ್ಟು ಕೆಲಸ. ಸೋನಾಲಿ ನಾಗ್ ಅನ್ನುವ ಸಂಶೋಧಕಿ ಕನ್ನಡ ಮಕ್ಕಳ ಓದನ್ನೇ ಹಿಡಿದು ಕೆಲಸ ಮಾಡಿದವರು. ಇಂಗ್ಲಿಷ್ ಅಕ್ಷರಗಳಿಗೆ ಹೋಲಿಸಿದರೆ ಕನ್ನಡದ ಅಕ್ಷರಗಳು ಕೈವಶವಾಗಲು ಬಹಳ ಹೆಚ್ಚು ಕಾಲ ಬೇಕು ಅಂತ ಅವರು 2007ರಲ್ಲೇ ತೋರಿಸಿಕೊಟ್ಟಿದ್ದಾರೆ. ಒಂದನೇ ಕ್ಲಾಸಿಗೇ ಮುಗಿದುಹೋಗುವ ಕೆಲಸ ಅಲ್ಲ ಇದು. ಪಕ್ಕದ ಮನೆಯ ಮಗು ಎಬಿಸಿಡಿ ಒಪ್ಪಿಸಿತು ಅಂತ ನಿಮ್ಮ ಮಗುವನ್ನು ಬೈಯಬೇಡಿ.

ಇನ್ನು ನಮ್ಮ ಪದಗಳ ಉದ್ದ. "ಮನೆಯವರೆಲ್ಲರೂ" ಅನ್ನುವುದು ಒಂದು ಪದ, ಏಳು ಅಕ್ಷರ. ಒಂದೊಂದೇ ಹೆಕ್ಕುತ್ತಾ "ರೂ" ಮುಟ್ಟುವ ಹೊತ್ತಿಗೆ "ಮ" ಮರೆತಿರುತ್ತದೆ. ಬೊಗಸೆಯಲ್ಲಿ ನೀರು ತುಂಬಿಕೊಂಡು ನಿಧಾನವಾಗಿ ಅಂಗಳ ದಾಟಿದರೆ ತೊಟ್ಟಿ ಮುಟ್ಟುವಷ್ಟರಲ್ಲಿ ಕೈ ಖಾಲಿ. ಮಗು ದಡ್ಡ ಅಲ್ಲ, ನಡಿಗೆ ನಿಧಾನ. ನಡಿಗೆ ಚುರುಕಾಗಬೇಕಾದರೆ ಅದೇ ಅಂಗಳವನ್ನು ಹತ್ತು ಸಲ ದಾಟಬೇಕು.

ಒಂದು ಸಂಗತಿ ಹೇಳುತ್ತೇನೆ. ಇದನ್ನು ಹೇಳದೆ ನಾನು ಯಾವ ತರಬೇತಿಯನ್ನೂ ಮುಗಿಸಿದವಳಲ್ಲ.

ಹೆಗ್ಗಡದೇವನಕೋಟೆ ತಾಲ್ಲೂಕು, ಕಬಿನಿ ಹಿನ್ನೀರಿನ ಕಡೆಯ ಒಂದು ಊರು. 1995ರಲ್ಲಿ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಶುರುವಾದದ್ದು ಆ ತಾಲ್ಲೂಕಿನಲ್ಲೇ. ಅ ಆ ಇ ಈ ಅಂತ ಸಾಲಾಗಿ ಹೋಗದೆ, ರ ಗ ಸ ದ ಅ ಅಂತ ಹಿಡಿದು, ಅಷ್ಟರಲ್ಲೇ "ಸರ", "ಅರಸ", "ಗರಗಸ" ಅಂತ ಪದ ಕಟ್ಟಿಸುವ ಪದ್ಧತಿ. ಹಾಗಾಗಿ ಅಲ್ಲಿನ ಮಕ್ಕಳಿಗೆ ಅಕ್ಷರದ ಭಯ ಇರಲಿಲ್ಲ. ನಾನು ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಪಕ್ಕ ಚಾಪೆ ಮೇಲೆ ಕೂತು ಓದು ಕೇಳುತ್ತಿದ್ದ ಕಾಲ ಅದು. ಮೂರನೇ ಕ್ಲಾಸಿನ ಒಬ್ಬ ಹುಡುಗ ಓದಲು ಬಂದ. ಅಂಗಿಗೆ ಮೇಲಿನ ಗುಂಡಿ ಇಲ್ಲ, ಪಿನ್ನು ಹಾಕಿದ್ದ. ಬೆರಳನ್ನು ಅಕ್ಷರದ ಮೇಲೆ ಎಷ್ಟು ಒತ್ತಿ ಇಡುತ್ತಿದ್ದ ಅಂದರೆ ಉಗುರಿನ ತುದಿ ಬೆಳ್ಳಗಾಗುತ್ತಿತ್ತು. "ಕಕ್ಕೆ ಕೊಂಬು ಕು, ಸೊನ್ನೆ ಕುಂ. ಬಕ್ಕೆ ಇಳಿ ಬಾ. ರ." ಅಷ್ಟು ಹೇಳಿ ನನ್ನ ಕಡೆ ನೋಡಿದ.

"ಏನಪ್ಪಾ ಅದು?" ಅಂದೆ.

"ಕುಂ, ಬಾ, ರ" ಅಂದ.

ಅವನ ಮನೆ ಇದ್ದದ್ದು ಕುಂಬಾರರ ಬೀದಿಯ ತಿರುವಿನಲ್ಲಿ. ದಿನಾ ಗಡಿಗೆಗಳ ಮಧ್ಯೆ ಓಡಾಡುವ ಹುಡುಗ. ಬೀದಿಯಲ್ಲಿ ಅಷ್ಟು ಪರಿಚಯ ಇದ್ದ ಕುಂಬಾರ ಪುಟದ ಮೇಲೆ ಅವನ ಗುರುತಿಗೆ ಸಿಗಲಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು.

ಒಂದು ಹಾಳೆಯಲ್ಲಿ ಹನ್ನೆರಡು ಸಾಲಿನ ಕತೆ ಬರೆದುಕೊಟ್ಟೆ. ಒಬ್ಬ ಕುಂಬಾರ, ಅವನ ಕತ್ತೆ, ಸಂತೆಗೆ ಹೋಗುವಾಗ ಮಳೆ. ದೊಡ್ಡ ಕತೆಯೇನಲ್ಲ. "ದಿನಾ ರಾತ್ರಿ ಮನೇಲಿ ಓದಿ ಹೇಳು" ಅಂದೆ. "ಮನೇಲಿ ನಮ್ಮವ್ವ ಒಬ್ಳೇ ಇರೋದು ಮಿಸ್, ಅವಳಿಗೆ ಓದಕ್ಕೆ ಬರಕಿಲ್ಲ" ಅಂದ. ಅಜ್ಜಿಯನ್ನೇ ಅವ್ವ ಅನ್ನುತ್ತಿದ್ದ. ಅಪ್ಪ ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದರು. "ಓದಕ್ಕೆ ಬರದಿದ್ರೆ ಏನಂತೆ, ಕೇಳಕ್ಕೆ ಬರುತ್ತಲ್ಲ" ಅಂದೆ.

ಹತ್ತು ದಿನ ಬಿಟ್ಟು ಹೋದವಳು ಶಾಲೆಗಿಂತ ಮೊದಲು ಅವನ ಮನೆಗೇ ಹೋದೆ. ಅಜ್ಜಿ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಬನ್ನಿ ಮೇಡಮ್ಮೋರೆ" ಅಂತ ಚಾಪೆ ಕೊಡವಿ ಹಾಸಿದರು. ಹುಡುಗ ಹಾಳೆ ತಂದ. ಮಡಿಚಿ ಮಡಿಚಿ ಮಡಿಕೆಯ ಗೆರೆಯಲ್ಲಿ ಹರಿದಿತ್ತು, ಒಂದು ಮೂಲೆಗೆ ಸಾರಿನ ಕಲೆ. ನಿಂತುಕೊಂಡೇ ಓದಲು ಶುರು ಮಾಡಿದ. ಅಜ್ಜಿ ಅವನ ಕಡೆ ತಿರುಗಿಯೂ ನೋಡಲಿಲ್ಲ, ಕಾಯಿ ಸುಲಿಯುತ್ತಲೇ ಇದ್ದರು. ನಾಲ್ಕನೇ ಸಾಲಿನಲ್ಲಿ ಹುಡುಗ ಎರಡು ಪದ ಹಾರಿಸಿಬಿಟ್ಟ.

ಅಜ್ಜಿಯ ಕೈ ನಿಂತಿತು.

"ಯಾಕ್ಲಾ ಮಗ, ನೆನ್ನೆ ಕತ್ತೆ ಮಳೇಲಿ ನಿಂತ್ಕತು ಅಂತ ಇತ್ತು. ಇವತ್ತು ಸುಮ್ನೆ ನಿಂತ್ಕತು ಅಂತೀಯ. ಮಳೆ ಎಲ್ಲೋಯ್ತು?"

ಹುಡುಗ ಹಾಳೆ ಹತ್ತಿರ ಹಿಡಿದುಕೊಂಡ. ಸಾಲಿನ ತಲೆಗೆ ಹೋದ. "ಸುರಿಯುವ ಮಳೆಯಲ್ಲಿ ಕತ್ತೆ ನಿಂತುಕೊಂಡಿತು" ಅಂತ ಒಂದೇ ಉಸಿರಿಗೆ ಓದಿದ. "ಹಾಂ, ಈಗ ಸರೋಯ್ತು" ಅಂದರು ಅಜ್ಜಿ. ಕೈ ಮತ್ತೆ ಅವರೆಕಾಯಿಗೆ ಹೋಯಿತು.

ಒಂದಕ್ಷರ ಓದಲು ಬಾರದ ಹೆಂಗಸು. ನಾನು ಕಂಡ ಓದಿನ ಗುರುಗಳಲ್ಲೆಲ್ಲ ಮೇಲು ಅವರೇ. ನಾವು ಕಲಿತವರು ಮಗು ಓದುವಾಗ ಎಲ್ಲಿ ಒತ್ತು ತಪ್ಪಿತು, ಎಲ್ಲಿ ದೀರ್ಘ ತಪ್ಪಿತು ಅಂತ ಕಾಯುತ್ತಾ ಕೂರುತ್ತೇವೆ. ಆ ಅಜ್ಜಿಗೆ ಬೇಕಿದ್ದದ್ದು ಕತ್ತೆ ಏನಾಯಿತು ಅನ್ನುವುದು. ಹತ್ತು ರಾತ್ರಿ ಅದೇ ಕತ್ತೆಯ ಕತೆಯನ್ನು ಹೊಸದಾಗಿ ಕೇಳುವ ಹಾಗೆ ಕೇಳಿದ್ದರು. ಕೇಳುವವರು ಹಾಗಿದ್ದರೆ ಮಗು ಹನ್ನೊಂದನೇ ಸಲವೂ ಓದುತ್ತದೆ.

ಆಗ ನನಗೆ ಒಂದು ಅನುಮಾನ ಬಂತು. ಈಗ ನಿಮಗೂ ಬಂದಿರುತ್ತದೆ. ಇದು ಬರೀ ಬಾಯಿಪಾಠ ಆಗಿದ್ದರೆ? ಪರೀಕ್ಷೆ ಮಾಡುವುದು ಸುಲಭ, ನೀವೂ ಮಾಡಿ. ಹಾಳೆ ಮೇಲೆ ಎರಡೂ ಅಂಗೈ ಅಡ್ಡ ಇಟ್ಟು, ಕೊನೆಯಿಂದ ಮೂರನೇ ಸಾಲನ್ನು ಮಾತ್ರ ಬಿಟ್ಟೆ. "ಇದನ್ನು ಓದು." ಓದಿದ. "ಗಡಿಗೆ ಅನ್ನೋದು ಎಲ್ಲೆಲ್ಲಿದೆ ತೋರಿಸು." ಮೂರು ಕಡೆ ಬೆರಳಿಟ್ಟ. ಆಮೇಲೆ ಚೀಲದಿಂದ ಅವನು ಕಂಡೇ ಇರದ ಇನ್ನೊಂದು ಹಾಳೆ ತೆಗೆದೆ. ಅದರಲ್ಲೂ ದಾರಿ, ಅದರಲ್ಲೂ ಮಳೆ, ಕತೆ ಬೇರೆ. ಅಲ್ಲಲ್ಲಿ ತಡವರಿಸಿದ, ನಿಜ. ಆದರೆ ಹಳೆಯ ಹಾಳೆಯನ್ನು ಮೊದಲ ದಿನ ಓದಿದ ಹಾಗಲ್ಲ. ಬೆರಳು ಅಕ್ಷರದ ಮೇಲೆ ಕುಕ್ಕುತ್ತಿರಲಿಲ್ಲ, ಪದದ ಕೆಳಗೆ ಜಾರುತ್ತಿತ್ತು. ಉಗುರು ಬೆಳ್ಳಗಾಗಲಿಲ್ಲ.

ಇದು ನನ್ನೊಬ್ಬಳ ಅನುಭವ ಅಂದುಕೊಳ್ಳಬೇಡಿ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಜೇ ಸ್ಯಾಮುಯೆಲ್ಸ್ ಅನ್ನುವ ವಿದ್ವಾಂಸರು 1979ರಲ್ಲೇ ಇದನ್ನು ಬರೆದಿದ್ದಾರೆ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಒಂದು ಪುಟ್ಟ ಭಾಗ ಕೊಟ್ಟು, ಸರಾಗ ಆಗುವವರೆಗೆ ಅದನ್ನೇ ಓದಿಸಿ, ಆಮೇಲೆ ಮುಂದಿನದಕ್ಕೆ ಕಳಿಸಿದರು. ಮುಂದಿನದನ್ನು ಮಕ್ಕಳು ಶುರು ಮಾಡುವಾಗಲೇ ಹಿಂದಿನದಕ್ಕಿಂತ ಚುರುಕಾಗಿದ್ದರು. ಒಂದು ಪುಟದಲ್ಲಿ ಗಳಿಸಿದ್ದು ಇನ್ನೊಂದು ಪುಟಕ್ಕೂ ಒದಗಿತು.

ಅಮೆರಿಕದವರೆಗೆ ಹೋಗುವುದೂ ಬೇಡ. ನಮ್ಮಲ್ಲಿ ಸಂಗೀತ ಕಲಿಯುವ ಮಗು ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದರೆ ಮೊಟ್ಟಮೊದಲ ಸ್ವರಪಾಠ, ಹಾಡುತ್ತದೆ. ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ನಂಬಿ ನಡೆದುಬಂದಿದ್ದೇವೆ. ಅದೇ ವರಸೆ ನಿಧಾನವಾಗಿ ಮೊದಲನೇ ಕಾಲ, ಅದೇ ವರಸೆ ಚುರುಕಾಗಿ ಎರಡನೇ ಕಾಲ, ಅದೇ ವರಸೆ ಇನ್ನೂ ಚುರುಕಾಗಿ ಮೂರನೇ ಕಾಲ. "ನಿನ್ನೆ ಹಾಡಾಯ್ತಲ್ಲ, ಇವತ್ತು ಬೇಡ" ಅಂತ ಯಾವ ಸಂಗೀತದ ಮೇಷ್ಟ್ರೂ ಹೇಳುವುದಿಲ್ಲ. ಓದಿನ ವಿಷಯಕ್ಕೆ ಬಂದರೆ ಮಾತ್ರ ನಮಗೆ ಯಾಕೆ ಇಷ್ಟು ಅವಸರ? ಸೋಮವಾರ ಒಂದು ಪಾಠ, ಗುರುವಾರ ಇನ್ನೊಂದು. ಪಾಠ ಮುಗಿಯಿತು ಅಂತ ನಾವು ಬರೆದುಕೊಳ್ಳುತ್ತೇವೆ. ಮಗುವಿಗೆ ಮುಗಿದಿರುವುದಿಲ್ಲ. ದಯವಿಟ್ಟು, ಮೇಷ್ಟ್ರುಗಳೇ, ಅದೇ ಪುಟ ಇನ್ನೊಂದು ಸಲ.

ಅವಸರ ಅಂದದ್ದಕ್ಕೆ ನೆನಪಾಯಿತು. 2021ರಲ್ಲಿ ಕೇಂದ್ರ ಸರ್ಕಾರ ಚಿಕ್ಕ ಮಕ್ಕಳ ಓದು, ಲೆಕ್ಕ ಗಟ್ಟಿಯಾಗಲಿ ಅಂತ ನಿಪುಣ್ ಭಾರತ್ ಅನ್ನುವ ಯೋಜನೆ ಶುರು ಮಾಡಿತು. ಮೂರನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ಮಾಡಿಕೊಂಡು ಓದಬೇಕು ಅನ್ನುವ ಗುರಿ ಇಟ್ಟಿದೆ. ಗುರಿ ಇರಲಿ, ಒಳ್ಳೆಯದು. ಆದರೆ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿಕೊಂಡು "ಬೇಗ, ಬೇಗ" ಅನ್ನುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆ ಮಾಡಬೇಡಿ. "ಅಮ್ಮ ಬಂದಳು" ಎರಡು ಪದ. "ಮನೆಯವರೆಲ್ಲರೂ ಹೊರಟುಬಿಟ್ಟಿದ್ದರಂತೆ" ಅದೂ ಎರಡೇ ಪದ. ಎಣಿಸುವವರಿಗೆ ಇದು ನೆನಪಿರಬೇಕು. ಓದು ಸರಾಗ ಆದರೆ ವೇಗ ತಾನಾಗಿ ಬರುತ್ತದೆ, ಅಟ್ಟಿಸಿಕೊಂಡು ಹೋದರೆ ಮಗು ಊಹೆ ಮಾಡಿ ಓದುವುದನ್ನು ಕಲಿಯುತ್ತದೆ.

ಇನ್ನು ಹೊತ್ತು ಕಡಿಮೆ ಇದೆ, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಮಗು ತಪ್ಪು ಓದಿದ ತಕ್ಷಣ ಬಾಯಿ ಹಾಕಬೇಡಿ. ಮನಸ್ಸಿನಲ್ಲೇ ಮೂರು ಎಣಿಸಿ. ಎಷ್ಟೋ ಸಲ ತಾನೇ ತಿದ್ದಿಕೊಳ್ಳುತ್ತದೆ. ಆಗದಿದ್ದರೆ ಪದವನ್ನು ನೀವೇ ಹೇಳಿಬಿಡಿ, ಕಾಗುಣಿತ ಬಿಡಿಸಲು ಕೂರಬೇಡಿ, ಕತೆ ಕೈತಪ್ಪಿ ಹೋಗುತ್ತದೆ.

ಓದಲು ಬರುವವರು ಮೊದಲ ಸಲ ನೀವೇ ಓದಿ ತೋರಿಸಿ, ಎರಡನೇ ಸಲ ಇಬ್ಬರೂ ಒಟ್ಟಿಗೆ ಓದಿ, ಮೂರನೇ ಸಲ ಮಗು ಒಂದೇ ಓದಲಿ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದು ಕಿವಿಯಿಂದ ಬರುವ ವಿದ್ಯೆ. ಇದೇ ರೇಡಿಯೊದಲ್ಲಿ ವಾರ್ತೆ ಓದುವವರನ್ನು ಮಗುವಿಗೆ ಕೇಳಿಸಿ. "ಸುರಿಯುವ ಮಳೆಯಲ್ಲಿ" ಅಂತ ಒಂದು ಗುಕ್ಕು, "ಕತ್ತೆ ನಿಂತುಕೊಂಡಿತು" ಅಂತ ಇನ್ನೊಂದು. ಪದ ಪದಕ್ಕೂ ನಿಂತರೆ ಅರ್ಥ ಚೂರಾಗುತ್ತದೆ.

ಮನೆಯಲ್ಲಿ ಲಂಬಾಣಿ, ತುಳು, ಉರ್ದು, ಜೇನುಕುರುಬರ ನುಡಿ ಆಡುವ ಮಕ್ಕಳಿದ್ದಾರೆ. ಅವರಿಗೆ ಮೊದಲು ಆ ಕತೆಯನ್ನು ಬಾಯಲ್ಲಿ ಹೇಳಿ, ಅವರ ಮಾತಿನಲ್ಲೇ ಹರಟೆ ಹೊಡೆಯಲಿ, ಆಮೇಲೆ ಪುಟ ತೆಗೆಯಿರಿ. ಇದೇ ಒಂದು ಭಾಷಣಕ್ಕೆ ಆಗುವಷ್ಟು ದೊಡ್ಡ ವಿಷಯ, ಇವತ್ತು ಇಷ್ಟಕ್ಕೇ ಬಿಡುತ್ತೇನೆ.

"ನಲವತ್ತು ಮಕ್ಕಳಿದ್ದಾರೆ, ಒಬ್ಬೊಬ್ಬರದೂ ಕೇಳೋದು ಹೇಗೆ?" ಅಂತ ಮೇಷ್ಟ್ರುಗಳು ಕೇಳುತ್ತಾರೆ. ಜೋಡಿ ಮಾಡಿ. ಒಬ್ಬ ಓದಲಿ, ಒಬ್ಬ ಕೇಳಲಿ, ಆಮೇಲೆ ಅದಲುಬದಲು. ಗದ್ದಲ ಆಗುತ್ತದೆ, ಆಗಲಿ. ನಾಲ್ಕನೇ ಕ್ಲಾಸಿನಲ್ಲಿ ಓದು ಕುಂಟುವ ಮಗುವಿಗೆ ಒಂದನೇ ಕ್ಲಾಸಿನ ತಂಗಿಗೆ ಓದಿ ಹೇಳುವ ಕೆಲಸ ಕೊಡಿ. ಚಿಕ್ಕ ಪುಸ್ತಕ ಹಿಡಿಯಲು ಅದಕ್ಕೆ ಆಗ ನಾಚಿಕೆ ಆಗುವುದಿಲ್ಲ.

"ಮನೇಲಿ ಪುಸ್ತಕ ಇಲ್ಲ" ಅನ್ನುವವರಿಗೆ ಒಂದು ಮಾತು. ಪಠ್ಯಪುಸ್ತಕದ ಒಂದು ಪುಟ ಸಾಕು. ಆ ಹುಡುಗನ ಮನೆಯಲ್ಲಿ ಇದ್ದದ್ದು ಒಂದೇ ಹಾಳೆ. ಅವತ್ತು ನಾನು ಹೊಸ ಹಾಳೆ ಕೊಟ್ಟು, ಹರಿದ ಹಾಳೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಳ್ಳಲು ಹೋದೆ. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದರು.

"ಅದ ಇಸ್ಕಬ್ಯಾಡಿ ಮೇಡಮ್ಮೋರೆ. ಕತ್ತೇದು ಇಲ್ಲೇ ಇರ್ಲಿ."

ನಮಸ್ಕಾರ.