ನಂಬರ್ ಒನ್ ಅಂತೀರಿ, ಎಣಿಸಿದ್ದೇನು?

ಕೇಳುಗರೇ, ನಮಸ್ಕಾರ.

ಇವತ್ತು ನನಗೆ ಕೊಟ್ಟಿರುವ ವಿಷಯ ಪಾಪ್ ಗಾಯಕರು ವಾರದ ಜನಪ್ರಿಯ ಹಾಡುಗಳ ಪಟ್ಟಿಗಳಲ್ಲಿ, ಅಂದರೆ ಚಾರ್ಟ್‌ಗಳಲ್ಲಿ ಮಾಡಿದ ದಾಖಲೆಗಳು. ಯಾರದು ಎಷ್ಟು ನಂಬರ್ ಒನ್, ಯಾರು ಎಷ್ಟು ವಾರ ಮೇಲೆ ಕೂತಿದ್ದರು, ಇದನ್ನೆಲ್ಲ ಸಾಲಾಗಿ ಹೇಳಿಬಿಡಿ ಅಂತ ಕರೆದಿದ್ದಾರೆ. ಹೇಳಬಹುದು. ಆದರೆ ಟೆಲಿಫೋನ್ ಡೈರೆಕ್ಟರಿ ಓದಿದ ಹಾಗಿರುತ್ತದೆ, ಮೂರನೇ ನಿಮಿಷಕ್ಕೆ ನೀವು ಸ್ಟೇಷನ್ ಬದಲಾಯಿಸುತ್ತೀರಿ.

ಅದಕ್ಕೆ ನಾನು ಒಂದೇ ಒಂದು ಪ್ರಶ್ನೆ ತಂದಿದ್ದೇನೆ. ಯಾವುದೇ ಹಾಡು, ಯಾವುದೇ ಗಾಯಕರು ದಾಖಲೆ ಮುರಿದರು ಅಂತ ಸುದ್ದಿ ಬಂದ ಕೂಡಲೇ ಕೇಳಬೇಕಾದ ಪ್ರಶ್ನೆ. ಎಣಿಸಿದ್ದೇನು? ಅಷ್ಟೇ. ಎಣಿಸಿದ್ದೇನು?

ಈ ಪ್ರಶ್ನೆ ಯಾಕೆ ಬಂತು ಅಂದರೆ, ನನ್ನ ಹತ್ತಿರ ಜನ ಕೇಳುವುದು ಬೇರೆ. ಅಜ್ಜ ಮೊಮ್ಮಗಳು ಜಗಳ ಆಡಿಕೊಂಡು ಬರುತ್ತಾರೆ. ಅಜ್ಜನಿಗೆ ಅರವತ್ತರ ದಶಕದ ಇಂಗ್ಲೆಂಡ್ ತಂಡ ಬೀಟಲ್ಸ್ ಅಂದರೆ ಪ್ರಾಣ, ಮೊಮ್ಮಗಳಿಗೆ ಇವತ್ತಿನ ಅಮೆರಿಕನ್ ಗಾಯಕಿ ಟೇಲರ್ ಸ್ವಿಫ್ಟ್. "ಸ್ವಿಫ್ಟ್ ಬೀಟಲ್ಸ್ ದಾಖಲೆ ಮುರಿದರಲ್ಲ, ಈಗ ಯಾರು ದೊಡ್ಡವರು ಹೇಳಿ" ಅಂತ ನನ್ನನ್ನು ಪಂಚಾಯಿತಿಗೆ ಕೂರಿಸುತ್ತಾರೆ. ಇಬ್ಬರಿಗೂ ಸೇರಿಸಿ ಇವತ್ತು ಉತ್ತರ ಕೊಟ್ಟುಬಿಡುತ್ತೇನೆ.

ಮೊದಲು ಅಜ್ಜನ ದಾಖಲೆ. ಅಮೆರಿಕದಲ್ಲಿ ಬಿಲ್‌ಬೋರ್ಡ್ ಅಂತ ಒಂದು ಪತ್ರಿಕೆ ಇದೆ. ಅದರ ಹಾಟ್ ಹಂಡ್ರೆಡ್, ಅಂದರೆ ವಾರದ 100 ಹಾಡುಗಳ ಪಟ್ಟಿ, ಶುರುವಾಗಿದ್ದು 1958ರ ಆಗಸ್ಟ್‌ನಲ್ಲಿ. 1964ರ ಏಪ್ರಿಲ್ 4ರ ಪಟ್ಟಿ ತೆಗೆದು ನೋಡಿ. ಒಂದು, ಎರಡು, ಮೂರು, ನಾಲ್ಕು, ಐದು, ಐದೂ ಬೀಟಲ್ಸ್ ಹಾಡುಗಳೇ. ಆ ವಾರ 100ರಲ್ಲಿ ಒಟ್ಟು 12 ಹಾಡು ಅವರದು. ಅಂಥದ್ದು ಅಲ್ಲಿಯವರೆಗೆ ಯಾರಿಗೂ ಆಗಿರಲಿಲ್ಲ.

ಇದು ಹೇಗಾಯಿತು? ಇದು ನನ್ನ ಇಷ್ಟದ ಕಥೆ, ಸ್ವಲ್ಪ ಉದ್ದ ಆದರೂ ಸಹಿಸಿಕೊಳ್ಳಿ. ರೇಡಿಯೋದಲ್ಲಿ ಹೇಳಲೇಬೇಕಾದ ಕಥೆ ಕೂಡ.

1963ರಲ್ಲಿ ಇಂಗ್ಲೆಂಡ್‌ನಲ್ಲಿ ಬೀಟಲ್ಸ್ ಹುಚ್ಚು ಹಿಡಿದಿತ್ತು. ಅಮೆರಿಕದಲ್ಲಿ ಅವರ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಅವರ ರೆಕಾರ್ಡು ಹೊರತರುತ್ತಿದ್ದ ಇಎಂಐ ಕಂಪನಿಗೆ ಅಮೆರಿಕದಲ್ಲಿ ತನ್ನದೇ ಒಂದು ಕಂಪನಿ ಇತ್ತು, ಕ್ಯಾಪಿಟಲ್. ಮನೆಯವರೇ ಅಲ್ವಾ, ತಗೊಳ್ಳಬೇಕಿತ್ತು. ತಗೊಳ್ಳಲಿಲ್ಲ. ಇಲ್ಲಿ ಇದೆಲ್ಲ ನಡೆಯುವುದಿಲ್ಲ ಅಂದರು. ಸರಿ, ಹಾಡುಗಳು ಸಣ್ಣ ಕಂಪನಿಗಳ ಪಾಲಾದವು. ಒಂದು ಹಾಡು ಷಿಕಾಗೋದ ವೀ-ಜೇ ಕಂಪನಿಗೆ ಹೋಯಿತು. ಅವರು ಡಿಸ್ಕ್ ಮೇಲೆ ಬೀಟಲ್ಸ್ ಹೆಸರಿನ ಸ್ಪೆಲ್ಲಿಂಗನ್ನೇ ತಪ್ಪು ಅಚ್ಚು ಹಾಕಿದರು, ಒಂದು 'ಟಿ' ಜಾಸ್ತಿ! ಆ ಡಿಸ್ಕ್ ಓಡಲಿಲ್ಲ. ಇನ್ನೊಂದು ಹಾಡು ಸ್ವಾನ್ ಅನ್ನುವ ಕಂಪನಿಗೆ ಹೋಯಿತು. ಅದೂ ಓಡಲಿಲ್ಲ.

ಆ ವರ್ಷದ ಡಿಸೆಂಬರ್ 10. ಅಮೆರಿಕದ ಸಿಬಿಎಸ್ ಟಿವಿಯ ಸಂಜೆ ವಾರ್ತೆಯಲ್ಲಿ ಬೀಟಲ್ಸ್ ಬಗ್ಗೆ ಒಂದು ಸಣ್ಣ ವರದಿ ಬಂತು. ವಾಷಿಂಗ್ಟನ್ ಹತ್ತಿರದ ಊರಲ್ಲಿದ್ದ ಹದಿನೈದು ವರ್ಷದ ಹುಡುಗಿಯೊಬ್ಬಳು ಅದನ್ನು ನೋಡಿದಳು. ನೋಡಿ ಸುಮ್ನೆ ಕೂರಲಿಲ್ಲ. ವಾಷಿಂಗ್ಟನ್‌ನ ರೇಡಿಯೋ ಸ್ಟೇಷನ್‌ಗೆ ಕಾಗದ ಬರೆದಳು, ಇಂಥ ಸಂಗೀತ ನಮಗೆ ಯಾಕೆ ಸಿಗುವುದಿಲ್ಲ ಅಂತ. ಆ ಸ್ಟೇಷನ್‌ನ ಡಿಜೆ ಕ್ಯಾರೊಲ್ ಜೇಮ್ಸ್ ಕೈಗೆ ಆ ಕಾಗದ ಸಿಕ್ಕಿತು. ನನಗೆ ಈ ಮನುಷ್ಯನ ಮೇಲೆ ಬಹಳ ಗೌರವ. ಕಾಗದವನ್ನು ಬುಟ್ಟಿಗೆ ಹಾಕಬಹುದಿತ್ತು, ಹಾಕಲಿಲ್ಲ. ಲಂಡನ್‌ನಿಂದ ಬರುವ ವಿಮಾನದ ಗಗನಸಖಿಯೊಬ್ಬರ ಕೈಯಲ್ಲಿ ಬೀಟಲ್ಸ್‌ನ ಹೊಸ ಡಿಸ್ಕ್ ತರಿಸಿದರು, 'ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್'. ಡಿಸೆಂಬರ್ 17ಕ್ಕೆ ಆ ಹುಡುಗಿಯನ್ನೇ ಸ್ಟುಡಿಯೋಗೆ ಕರೆದು, ಮೈಕ್ ಮುಂದೆ ನಿಲ್ಲಿಸಿ, ಅವಳ ಬಾಯಲ್ಲೇ ಹಾಡನ್ನು ಪರಿಚಯ ಮಾಡಿಸಿದರು. ನೆನಪಿಸಿಕೊಳ್ಳಿ, ಶಾಲೆಗೆ ಹೋಗುವ ಹುಡುಗಿ, ಕೈಯಲ್ಲೊಂದು ಚೀಟಿ, ಎದುರಿಗೆ ದೊಡ್ಡ ಮೈಕು. ಹಾಡು ಮುಗಿಯಿತು. ಫೋನ್‌ಗಳು ಹೊಡೆದುಕೊಳ್ಳೋದಕ್ಕೆ ಶುರುವಾದವು, ನಿಲ್ಲಲೇ ಇಲ್ಲ.

ಕ್ಯಾಪಿಟಲ್ ಕಂಪನಿ ಅಷ್ಟರಲ್ಲಿ ಮನಸ್ಸು ಬದಲಾಯಿಸಿ, ಆ ಹಾಡನ್ನು ಜನವರಿಯಲ್ಲಿ ಬಿಡುಗಡೆ ಮಾಡೋಣ ಅಂತ ಇಟ್ಟುಕೊಂಡಿತ್ತು. ಈ ಗಲಾಟೆ ನೋಡಿ ಡಿಸೆಂಬರ್ 26ಕ್ಕೇ ಬಿಟ್ಟರು. ಶಾಲೆಗಳಿಗೆ ರಜ, ಮಕ್ಕಳೆಲ್ಲ ಮನೆಯಲ್ಲಿ, ರೇಡಿಯೋ ಆನ್. ಫೆಬ್ರವರಿ 1ಕ್ಕೆ ಹಾಡು ನಂಬರ್ ಒನ್. ಎಂಟು ದಿನ ಬಿಟ್ಟು, 9ನೇ ತಾರೀಕು, ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮದಲ್ಲಿ ಬೀಟಲ್ಸ್ ಹಾಡಿದರು. ನೋಡಿದವರು ಸುಮಾರು 7 ಕೋಟಿ 30 ಲಕ್ಷ ಜನ.

ಈಗ ಮಜಾ ನೋಡಿ. ವೀ-ಜೇ ಹತ್ತಿರ ಓಡದ ಹಳೇ ಹಾಡು ಬಿದ್ದಿತ್ತಲ್ಲ, ಸ್ವಾನ್ ಹತ್ತಿರ ಒಂದು ಬಿದ್ದಿತ್ತಲ್ಲ, ಎಲ್ಲರೂ ಧೂಳು ಕೊಡವಿ ಹೊರಗೆ ತೆಗೆದರು. ಸಾಮಾನ್ಯವಾಗಿ ಒಂದು ಕಂಪನಿ ಒಂದು ಹಾಡು ಬಿಟ್ಟರೆ ಅದು ಇಳಿಯುವವರೆಗೆ ಕಾಯುತ್ತದೆ. ತನ್ನ ಹಾಡಿಗೆ ತಾನೇ ಪೈಪೋಟಿ ಕೊಡುವುದಿಲ್ಲ. ಇಲ್ಲಿ ಕಾಯುವುದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ಏಪ್ರಿಲ್ 4ರ ಆ ಐದು ಹಾಡುಗಳ ಡಿಸ್ಕ್ ಮೇಲಿನ ಲೇಬಲ್ ನೋಡಿ. ಎರಡು ಕ್ಯಾಪಿಟಲ್, ಒಂದು ಸ್ವಾನ್, ಒಂದು ವೀ-ಜೇ, ಇನ್ನೊಂದು ವೀ-ಜೇಯವರದೇ ಮರಿ ಕಂಪನಿ ಟಾಲಿ. ಐದು ಹಾಡು, ನಾಲ್ಕು ಲೇಬಲ್! ಕ್ಯಾಪಿಟಲ್ ಮೊದಲೇ ಬುದ್ಧಿವಂತಿಕೆ ಮಾಡಿ ಎಲ್ಲ ಹಾಡು ತಗೊಂಡಿದ್ದರೆ ಒಂದೊಂದಾಗಿ ಬಿಡುತ್ತಿದ್ದರು. ಈ ದಾಖಲೆ ಆಗುತ್ತಲೇ ಇರಲಿಲ್ಲ ಅಂತ ನನ್ನ ಲೆಕ್ಕ.

ಸರಿ, ಈಗ ನಮ್ಮ ಪ್ರಶ್ನೆ. ಎಣಿಸಿದ್ದೇನು?

1964ರಲ್ಲಿ ಎಣಿಸಿದ್ದು ಅಂಗಡಿಯಲ್ಲಿ ಮಾರಿದ ಡಿಸ್ಕ್ ಮತ್ತು ರೇಡಿಯೋದಲ್ಲಿ ಹಾಕಿದ ಹಾಡು. ಎಣಿಸಿದ್ದು ಅಂತ ಮರ್ಯಾದೆಗೆ ಹೇಳುತ್ತೇನೆ. ನಿಜವಾಗಿ ಕೇಳಿದ್ದು. ಅಂಗಡಿಯವರನ್ನು ಈ ವಾರ ಏನು ಹೋಗುತ್ತಿದೆ ಅಂತ ಕೇಳುತ್ತಿದ್ದರು, ಅವರು ಇದು ಮೊದಲು, ಅದು ಆಮೇಲೆ ಅಂತ ಹೇಳುತ್ತಿದ್ದರು. ಬ್ರಿಟನ್ನಿನ ಮೊದಲ ಚಾರ್ಟ್ ಹುಟ್ಟಿದ್ದೂ ಹೀಗೆ. 1952ರ ನವೆಂಬರ್‌ನಲ್ಲಿ ಒಂದು ಸಂಗೀತ ಪತ್ರಿಕೆಯ ಪರ್ಸಿ ಡಿಕಿನ್ಸ್ ಅನ್ನುವವರು ಸುಮಾರು 20 ಅಂಗಡಿಗೆ ಫೋನ್ ಮಾಡಿ, ಉತ್ತರಗಳನ್ನು ಕೂಡಿಸಿ ಪಟ್ಟಿ ಬರೆದರು. 12 ಸ್ಥಾನದ ಪಟ್ಟಿಯಲ್ಲಿ 15 ಹಾಡು, ಯಾಕೆಂದರೆ ಕೆಲವು ಸರಿಸಮ ಬಂದವು.

ಅಂಗಡಿಯವನು ಕೌಂಟರ್ ಹಿಂದೆ ಫೋನ್ ಹಿಡಿದು ನೆನಪಿನಿಂದ ಹೇಳುತ್ತಾನೆ. ಅವನಿಗೆ ಇಷ್ಟವಾದದ್ದು ಜಾಸ್ತಿ ನೆನಪಿರುತ್ತದೆ, ಇಷ್ಟವಿಲ್ಲದ್ದು ಮರೆತುಹೋಗುತ್ತದೆ. ಮನುಷ್ಯ ತಾನೇ.

1991ರಲ್ಲಿ ಇದು ಮುಗಿಯಿತು. ಆ ವರ್ಷ ಮೇ ತಿಂಗಳಿಂದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಗೆ ಬಾರ್‌ಕೋಡ್ ಲೆಕ್ಕ ಬಂತು. ಡಿಸ್ಕ್ ಕೌಂಟರ್ ಮೇಲೆ ಬೀಪ್ ಅಂದರೆ ಒಂದು. ಫೋನೂ ಇಲ್ಲ, ನೆನಪೂ ಇಲ್ಲ. ಏನಾಯಿತು ಗೊತ್ತಾ? ಅಲ್ಲಿಯವರೆಗೆ ಇಷ್ಟು ವರ್ಷಗಳಲ್ಲಿ ಪಟ್ಟಿಗೆ ಬಂದ ಮೊದಲ ವಾರವೇ ನಂಬರ್ ಒನ್ ಆದ ಆಲ್ಬಮ್‌ಗಳು ಬರೀ ಆರು. ಬೀಪ್ ಬಂದ ಮೇಲೆ ಆಗಸ್ಟ್‌ನಲ್ಲಿ ಮೆಟಾಲಿಕಾ ಅನ್ನುವ ಹೆವಿ ಮೆಟಲ್ ತಂಡದ ಆಲ್ಬಮ್ ನೇರವಾಗಿ ಒಂದಕ್ಕೆ ಬಂದು ಕೂತಿತು, ಸೆಪ್ಟೆಂಬರ್‌ನಲ್ಲಿ ಕಂಟ್ರಿ ಗಾಯಕ ಗಾರ್ಥ್ ಬ್ರೂಕ್ಸ್. ಒಂದೇ ರಾತ್ರಿಯಲ್ಲಿ ಜನರ ರುಚಿ ಬದಲಾಯಿತಾ? ಇಲ್ಲ ಸ್ವಾಮಿ. ಅವರು ಮೊದಲೂ ಕೊಳ್ಳುತ್ತಿದ್ದರು. ಎಣಿಸುವವರಿಗೆ ಈಗ ಕಣ್ಣು ಬಂತು.

ಮೊಮ್ಮಗಳು ಕಾಯುತ್ತಿದ್ದಾಳೆ, ಅವಳ ಹತ್ತಿರ ಬರುತ್ತೇನೆ.

2022ರ ಅಕ್ಟೋಬರ್ ಕೊನೆಗೆ ಟೇಲರ್ ಸ್ವಿಫ್ಟ್ ಹೊಸ ಆಲ್ಬಮ್ ಬಿಟ್ಟರು. ಹಾಟ್ ಹಂಡ್ರೆಡ್‌ನಲ್ಲಿ ಒಂದರಿಂದ ಹತ್ತು, ಹತ್ತೂ ಅವರದೇ. ಹಿಂದೆ ಯಾರೂ ಮಾಡಿರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ರ‍್ಯಾಪ್ ಗಾಯಕ ಡ್ರೇಕ್ ಹತ್ತರಲ್ಲಿ ಒಂಬತ್ತು ಹಿಡಿದಿದ್ದರು. 2024ರಲ್ಲಿ ಸ್ವಿಫ್ಟ್ ಒಂದರಿಂದ ಹದಿನಾಲ್ಕರವರೆಗೂ ಹಿಡಿದರು. ದೊಡ್ಡ ಸಾಧನೆ, ಅನುಮಾನವೇ ಬೇಡ. ಆದರೆ ಎಣಿಸಿದ್ದೇನು? ಮುಖ್ಯವಾಗಿ ಸ್ಟ್ರೀಮಿಂಗ್, ಅಂದರೆ ಫೋನ್‌ನಲ್ಲಿ ಕೇಳಿದ ಲೆಕ್ಕ. ಆಲ್ಬಮ್‌ನ ಒಂದೊಂದು ಹಾಡೂ ಒಂದೊಂದು ಸ್ಪರ್ಧಿ. ಆಲ್ಬಮ್ ಬಂದ ರಾತ್ರಿ ಲಕ್ಷಾಂತರ ಜನ ಮೊದಲಿಂದ ಕೊನೆಯವರೆಗೆ ಕೇಳಿದರೆ ಎಲ್ಲ ಹಾಡೂ ಒಟ್ಟಿಗೆ ಮೇಲೇಳುತ್ತವೆ. ಬೀಟಲ್ಸ್ ಕಾಲದಲ್ಲಿ ಹೀಗಾಗುವ ದಾರಿಯೇ ಇರಲಿಲ್ಲ. ಒಂದೊಂದು ಹಾಡಿಗೂ ಅಂಗಡಿಗೆ ಹೋಗಿ ಒಂದೊಂದು ಡಿಸ್ಕ್ ಕೊಳ್ಳಬೇಕಿತ್ತು.

ಅಜ್ಜ ಈಗ ಮೀಸೆ ತಿರುವುತ್ತಿರಬಹುದು. ಸ್ವಲ್ಪ ತಡೀರಿ ಅಜ್ಜಾ. ನಿಮ್ಮ ಕಾಲದಲ್ಲಿ ಡಿಸ್ಕ್ ಕೊಂಡು ತಂದು ಒಂದೇ ಸಲ ಕೇಳಿ ಕಪಾಟಿಗೆ ಸೇರಿಸಿದವನೂ ಒಂದು, ಸೂಜಿ ಸವೆದು ಹಾಡು ಕರಕರ ಅನ್ನುವವರೆಗೆ ಕೇಳಿದವನೂ ಒಂದು. ಕೊಂಡದ್ದನ್ನು ಎಣಿಸಿದರು, ಮನೆಯಲ್ಲಿ ಕೇಳಿದ್ದನ್ನು ಎಣಿಸಲಿಲ್ಲ. ಇವತ್ತು ನಿಮ್ಮ ಮೊಮ್ಮಗಳು ಒಂದೇ ಹಾಡನ್ನು ಮೂವತ್ತು ಸಲ ಕೇಳಿದರೆ ಮೂವತ್ತೂ ಲೆಕ್ಕಕ್ಕೆ ಸಿಗುತ್ತವೆ. ಅಲ್ಲಿ ಕೇಳಿದ ಪ್ರಶ್ನೆ ಎಷ್ಟು ಜನ ಕಾಸು ಕೊಟ್ಟರು ಅಂತ. ಇಲ್ಲಿ ಕೇಳಿದ್ದು ಎಷ್ಟು ಸಲ ಕಿವಿಗೆ ಬಿತ್ತು ಅಂತ. ಬೇರೆ ಬೇರೆ ಪರೀಕ್ಷೆಯ ಅಂಕ ಹಿಡಿದುಕೊಂಡು ಮೊದಲನೇ ರ್‍ಯಾಂಕ್‌ಗೆ ಜಗಳ ಆಡಬಾರದು. ಮನಸ್ಸು ಯಾವ ಕಡೆ ಅಂತ ಕೇಳಿದರೆ ನಾನು ಅಜ್ಜನ ಕಡೆ, ಅದಕ್ಕೆ ಕಾರಣ ಆ ಕಾಗದ ಬರೆದ ಹುಡುಗಿ, ಚಾರ್ಟ್ ಅಲ್ಲ.

ನಿಯಮ ಬದಲಾದರೆ ದಾಖಲೆಯೇ ಮಾಯ ಆಗುತ್ತದೆ ಅನ್ನೋದಕ್ಕೆ ಬ್ರಿಟನ್ನಿನ ಗಾಯಕ ಎಡ್ ಶೀರನ್ ಸಾಕ್ಷಿ. 2017ರ ಮಾರ್ಚ್‌ನಲ್ಲಿ ಅವರ ಆಲ್ಬಮ್‌ನ 16 ಹಾಡೂ ಬ್ರಿಟನ್ನಿನ ಮೊದಲ 20ರ ಒಳಗೆ ಬಂದವು. ಚಾರ್ಟ್‌ನವರು ಗಾಬರಿಯಾದರು. ಜುಲೈನಿಂದ ಹೊಸ ನಿಯಮ, ಒಬ್ಬ ಕಲಾವಿದರದು ಮೂರೇ ಹಾಡು. ಹಾಗಾಗಿ ಅಮೆರಿಕದಲ್ಲಿ ಸ್ವಿಫ್ಟ್ ಹದಿನಾಲ್ಕು ಸ್ಥಾನ ಹಿಡಿದ ವಾರ ಬ್ರಿಟನ್ನಿನಲ್ಲಿ ಅವರಿಗೆ ಸಿಗಬಹುದಾಗಿದ್ದದ್ದು ಮೂರೇ.

'ಗಂಗ್ನಮ್ ಸ್ಟೈಲ್' ನೆನಪಿದೆಯಾ, ಎಲ್ಲರೂ ಕುದುರೆ ಓಡಿಸಿದ ಹಾಗೆ ಕುಣಿದದ್ದು? 2012ರಲ್ಲಿ ಅಮೆರಿಕದಲ್ಲಿ ಏಳು ವಾರ ನಂಬರ್ ಎರಡರಲ್ಲೇ ನಿಂತಿತು. ಆಗ ಹಾಟ್ ಹಂಡ್ರೆಡ್ ಯೂಟ್ಯೂಬ್ ಎಣಿಸುತ್ತಿರಲಿಲ್ಲ! ಎಣಿಸೋದಕ್ಕೆ ಶುರು ಮಾಡಿದ್ದು 2013ರ ಫೆಬ್ರವರಿಯಲ್ಲಿ, ಮೊದಲ ವಾರವೇ ಇನ್ನೊಂದು ಯೂಟ್ಯೂಬ್ ಹುಚ್ಚಿನ ಹಾಡು, 'ಹಾರ್ಲೆಮ್ ಶೇಕ್', ನೇರ ಒಂದಕ್ಕೆ ಬಂತು. ಕೆಲವೇ ತಿಂಗಳ ವ್ಯತ್ಯಾಸದಲ್ಲಿ 'ಗಂಗ್ನಮ್ ಸ್ಟೈಲ್' ಹಾಡಿದ ಕೊರಿಯಾದ ಸೈ ಅವರ ಪುಣ್ಯ ಕೈತಪ್ಪಿತು.

ಗಾಜಿನ ಆಚೆಯಿಂದ ನಮ್ಮ ಕಾರ್ಯಕ್ರಮದವರು ಎರಡು ಬೆರಳು ತೋರಿಸುತ್ತಿದ್ದಾರೆ. ಎರಡು ನಿಮಿಷವೋ ಎರಡು ವಾಕ್ಯವೋ ಗೊತ್ತಾಗಲಿಲ್ಲ. ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಒಂದು ಆಲ್ಬಮ್ 1973ರಲ್ಲಿ ಒಂದೇ ವಾರ ನಂಬರ್ ಒನ್ ಆಗಿ, ಪಟ್ಟಿಯಲ್ಲಿ ಮಾತ್ರ 700 ವಾರಕ್ಕೂ ಜಾಸ್ತಿ ಉಳಿಯಿತು, ಅದನ್ನು ಹೇಳಬೇಕಿತ್ತು. ಹೋಗಲಿ.

ಒಂದು ಮಾತ್ರ ಬಿಡುವುದಿಲ್ಲ. ಬ್ರೆಂಡಾ ಲೀ. 1958ರಲ್ಲಿ, ಹದಿಮೂರು ವರ್ಷದವರಿದ್ದಾಗ, ಒಂದು ಕ್ರಿಸ್‌ಮಸ್ ಹಾಡು ಹಾಡಿದರು. ಹಾಟ್ ಹಂಡ್ರೆಡ್ ಹುಟ್ಟಿದ ವರ್ಷವೇ. ಡಿಸ್ಕ್ ಒಂದು ಸಲ ಕೊಂಡರೆ ಮುಗಿಯಿತು, ಮುಂದಿನ ಕ್ರಿಸ್‌ಮಸ್‌ಗೆ ಅದನ್ನೇ ಹಾಕುತ್ತಾರೆ, ಯಾರೂ ಎಣಿಸುವುದಿಲ್ಲ. ಸ್ಟ್ರೀಮಿಂಗ್ ಬಂದ ಮೇಲೆ ಪ್ರತಿ ಡಿಸೆಂಬರ್‌ನಲ್ಲೂ ಎಣಿಕೆ ಹೊಸದಾಗಿ ಶುರು. 2023ರ ಡಿಸೆಂಬರ್‌ನಲ್ಲಿ ಅದೇ ಹಾಡು, ಅದೇ ಹದಿಮೂರರ ಹುಡುಗಿಯ ಗಂಟಲು, ನಂಬರ್ ಒನ್. ಬ್ರೆಂಡಾ ಲೀಗೆ ಆಗ 78 ವರ್ಷ.

ಈಗ ಐದೂ ಬೆರಳು ತೋರಿಸುತ್ತಿದ್ದಾರೆ, ಅದರ ಅರ್ಥ ನನಗೆ ಗೊತ್ತು. ನಮಸ್ಕಾರ.