ಅಡಿಕೆ ಅಂಗಳದಲ್ಲಿ ಅಕ್ಷರದ ಮಳೆ

ನಮಸ್ಕಾರ ಕೇಳುಗರೇ.

ಕುಂಬಳೆಯ ಹತ್ತಿರ ನಮ್ಮ ಮನೆ. ಜನವರಿಯಲ್ಲಿ ಅಂಗಳ ತುಂಬ ಅಡಿಕೆ ಒಣಗುತ್ತಿರುತ್ತದೆ. ಅಂಥ ಒಂದು ಭಾನುವಾರ ನೆರೆಮನೆಯ ಹುಡುಗಿ ಬಂದು, "ಮಾಷ್ಟ್ರೇ, ಸಂಜೆಗೆ ಅರ್ಧ ಅಂಗಳ ಕೊಡ್ತೀರಾ?" ಎಂದು ಕೇಳಿದಳು. ಮನೆಯಲ್ಲೇ ಕೂತು ಬೆಂಗಳೂರಿನ ಕಂಪೆನಿಗೆ ವೆಬ್ ಪ್ರೋಗ್ರಾಮ್ ಬರೆಯುವವಳು ಅವಳು. ಸುತ್ತಮುತ್ತ ಅವಳಂಥವರು ಏಳೆಂಟು ಮಂದಿ ಇದ್ದಾರಂತೆ. ಸಂಬಳಕ್ಕಲ್ಲದೆ ಸುಮ್ನೆ ಖುಷಿಗೆ ಮಾಡಿದ್ದನ್ನು ಎಲ್ಲರಿಗೂ ತೋರಿಸಬೇಕಂತೆ. ಒಬ್ಬೊಬ್ಬರಿಗೆ ಏಳೇ ನಿಮಿಷ. ಹೊತ್ತು ಮೀರಿದರೆ ಜಾಗಟೆ ಬಾರಿಸುವ ಕೆಲಸ ನನ್ನದು. ನಿವೃತ್ತ ಮಾಷ್ಟ್ರಿಗೆ ಇದಕ್ಕಿಂತ ದೊಡ್ಡ ಹುದ್ದೆ ಬೇಕಾ?

ಅಡಿಕೆಯನ್ನು ಒಂದು ಬದಿಗೆ ಎಳೆದೆವು. ಗೋಡೆಗೆ ನನ್ನ ಬಿಳಿ ಪಂಚೆ ಕಟ್ಟಿದರು, ಅದೇ ಪರದೆ. ಮಾತು ಕನ್ನಡ, ಮಲಯಾಳ, ತುಳು ಮೂರೂ ಕಲಸಿ. ನಮ್ಮ ಕಾಸರಗೋಡಿನಲ್ಲಿ ಇದೇನೂ ಹೊಸತಲ್ಲ.

ಮೊದಲು ಒಬ್ಬ ಹುಡುಗ ಬ್ರೌಸರಿನಲ್ಲಿ ಚೆಂಡೆ ನುಡಿಸಿದ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರ ಎದುರು ತಾಳ ತಪ್ಪಿದರೆ ಬಿಡ್ತಾರಾ? ತ್ರಿವುಡೆ ತಾಳಕ್ಕೆ ಏಳು ಅಕ್ಷರ, ಅಂದರೆ ಏಳು ಎಣಿಕೆ. ಮಾಮೂಲಿ ಟೈಮರನ್ನು ನಂಬಿದರೆ, ಬ್ರೌಸರು ಬೇರೆ ಕೆಲಸದಲ್ಲಿದ್ದಾಗ ಪೆಟ್ಟು ಒಂದಿಷ್ಟು ತಡವಾಗಿ ಬೀಳುತ್ತದೆ. ಧ್ವನಿಗೆಂದೇ ಅದರೊಳಗೆ ಬೇರೊಂದು ಗಡಿಯಾರ ಇದೆ. ಮುಂದಿನ ಪೆಟ್ಟುಗಳನ್ನು ಅದಕ್ಕೆ ಮೊದಲೇ ಒಪ್ಪಿಸಿಟ್ಟರೆ ತಾಳ ನಿಲ್ಲುತ್ತದೆ. ಹುಡುಗ ಎರಡನ್ನೂ ಕೇಳಿಸಿದ. ಮೊದಲನೆಯದಕ್ಕೆ ಹಿಂದಿನಿಂದ ಒಬ್ಬರು, "ಇದು ಯಾವ ಮೇಳದ್ದು ಮಾರಾಯ?" ಎಂದರು.

ಇನ್ನೊಬ್ಬ ಪಿ ಫೈವ್ ಎಂಬ ಸಲಕರಣೆಯಲ್ಲಿ ಗಾಳಿಗೆ ತೂಗುವ ಅಡಿಕೆ ತೋಟ ಬಿಡಿಸಿದ. ಚಿತ್ರಗಾರರಿಗೂ ಪ್ರೋಗ್ರಾಮ್ ಕೈಗೆಟುಕಲಿ ಎಂದು ಬೆನ್ ಫ್ರೈ ಮತ್ತು ಕೇಸಿ ರೀಸ್ 2001ರಲ್ಲಿ ಶುರುಮಾಡಿದ ಪ್ರೊಸೆಸಿಂಗ್ ಎಂಬ ಸಲಕರಣೆ ಇದರ ಮೂಲವಂತೆ. ಚೆನ್ನಾಗಿತ್ತು. ಆದರೆ ನಿಜವಾದ ತೋಟ ಬೇಲಿಯಾಚೆಗೇ ಇತ್ತಲ್ಲ!

ಆಮೇಲೆ ನೆರೆಮನೆ ಹುಡುಗಿಯ ಸರದಿ. ಊರಿನ ಹೆಸರುಗಳು ಮಳೆಹನಿಯ ಹಾಗೆ ಒಂದೊಂದೇ ಅಕ್ಷರ ಬೀಳಬೇಕು. ಇಂಗ್ಲಿಷಿನಲ್ಲಿ ಚಂದವಾಗಿ ಬಿತ್ತು. ಕನ್ನಡದಲ್ಲಿ ‘ಮಂಜೇಶ್ವರ’ ಎಂದು ಹಾಕಿದಳು. ಮ ಒಂದು ಕಡೆ, ಸೊನ್ನೆ ಒಂದು ಕಡೆ. ಜ ಬಿದ್ದ ಮೇಲೆ ಅದರ ಏತ್ವ ಚುಕ್ಕಿಗಳ ಒಂದು ವೃತ್ತಕ್ಕೆ ಜೋತುಬಿದ್ದು ಬಂತು. ಗೋವಿಂದ ಪೈಗಳ ಊರು ನನ್ನ ಪಂಚೆಯ ಮೇಲೆ ಚೂರುಚೂರು! ನಾನು ಜಾಗಟೆ ಕೆಳಗಿಟ್ಟು ಎದ್ದೆ.

ನಮಗೆ ಮಂಜೇಶ್ವರ ಎಂದರೆ ನಾಲ್ಕು ಅಕ್ಷರ: ಮಂ, ಜೇ, ಶ್ವ, ರ. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ಅದು ಎಂಟು ಸಂಕೇತ. ಮ, ಸೊನ್ನೆ, ಜ, ಏಕಾರದ ಗುರುತು, ಶ, ಹಲಂತ, ವ, ರ. ಅವಳ ಪ್ರೋಗ್ರಾಮು ಎಂಟು ತುಂಡು ಮಾಡಿತ್ತು.

"ಕಂಪ್ಯೂಟರಿನ ತಪ್ಪಲ್ಲ ಮಗಳೇ. ಶ್ವ ಅಂದರೆ ಶ್ ಮತ್ತು ವ ಅಂತ ನಾನೇ ಅಲ್ವಾ ನಿನಗೆ ಕಲಿಸಿದ್ದು?" ಎಂದೆ. ಕತ್ತರಿ ಹಾಕುವ ಜಾಗ ಗೊತ್ತಿರಬೇಕು, ಅಷ್ಟೆ. ಸ್ವರದ ಗುರುತು, ಸೊನ್ನೆ, ಹಲಂತ ಇವುಗಳ ಮುಂಚೆ ಕತ್ತರಿಸಬಾರದು. ಹಲಂತದ ಬೆನ್ನಿಗೇ ವ್ಯಂಜನ ಬಂದರೆ ಅವೆರಡರ ನಡುವೆಯೂ ಬೇಡ. ಅವಳು ಅಲ್ಲೇ ನಿಂತು ಟೈಪ್ ಮಾಡಿದಳು. ಚೆಂಡೆಯ ಹುಡುಗ, "ಮಲಯಾಳದ ಒತ್ತಕ್ಷರಕ್ಕೂ ಇದೇ ಉಪಾಯ ನೋಡಬಹುದು" ಎಂದು ಬರೆದುಕೊಂಡ.

ತುಳು ಲಿಪಿಯ ಕಥೆ ಏನೆಂದು ಒಬ್ಬರು ಅಕ್ಕ ಕೇಳಿದರು. ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಅದು 2024ರಲ್ಲಿ ಯೂನಿಕೋಡಿಗೆ ಸೇರಿದೆ. ಆದರೆ ಆ ಲ್ಯಾಪ್‌ಟಾಪಿನಲ್ಲಿ ಅದರ ಫಾಂಟ್ ಇರಲಿಲ್ಲ. ಪಂಚೆಯ ಮೇಲೆ ಬರೀ ಚೌಕಗಳ ಮಳೆ ಸುರಿಯಿತು.

ಮತ್ತೆ ಮಂಜೇಶ್ವರ ಹಾಕಿದಳು. ಮಂ ಬಿತ್ತು. ಜೇ ಬಿತ್ತು. ಶ್ವ ಇಡಿಯಾಗಿ ಇಳಿಯಿತು. ನನಗೆ ಉತ್ಸಾಹ ಜಾಸ್ತಿ ಆಗಿ, ‘ಸೂರ್ಯ’ದ ಅರ್ಕಾವತ್ತಿನ ಪಾಠ ಶುರುಮಾಡಿದೆ. ಓದುವಾಗ ಮೊದಲು ಬರುವ ರ್ ಬರೆಯುವಾಗ ಯಾಕೆ ಹಿಂದೆ ಹೋಗುತ್ತದೆ ಎಂದು ವಿವರಿಸುತ್ತಿದ್ದೆ. ಅಷ್ಟರಲ್ಲಿ ಢಣ್ ಎಂದು ಜಾಗಟೆ ಕೇಳಿಸಿತು.

ತಿರುಗಿ ನೋಡಿದರೆ ಮೊಮ್ಮಗ. "ಅಜ್ಜ, ನಿಮ್ಮದು ಏಳು ನಿಮಿಷ ಆಯ್ತು."